ತೊಟ್ಟು ಸೀಳಿದ ಮೇಲೆ: ದೈತ್ಯ ಕುಂಬಳದ ಒಂದು ಪ್ರಕರಣ ಅಧ್ಯಯನ

ದೈತ್ಯ ಕುಂಬಳಕಾಯಿ ಬೆಳೆಯುವವರಿಗೆ ತೊಟ್ಟಿನ ಕೊಳೆಯಷ್ಟು ಸಂಕಟ ಕೊಡುವ ವಿಷಯ ಇನ್ನೊಂದಿಲ್ಲ. ಎಲೆಗೆ ರೋಗ ಬಂದರೆ ಹೊಸ ಎಲೆ ಬರುತ್ತದೆ. ಅಡ್ಡಬಳ್ಳಿ ಮುರಿದರೆ ಪಕ್ಕದ್ದು ಇರುತ್ತದೆ. ತೊಟ್ಟು ಮಾತ್ರ ಒಂದೇ. ಕಾಯಿಗೆ ಬೇಕಾದ ನೀರು, ಸಕ್ಕರೆ ಎಲ್ಲವೂ ಆ ಒಂದು ದಾರಿಯಲ್ಲೇ ಹೋಗಬೇಕು. ಅಲ್ಲಿ ಗಾಯವಾಗಿ, ಗಾಯ ಮೆತ್ತಗಾಗಿ, ವಾಸನೆ ಶುರುವಾದ ದಿನ ಎಷ್ಟೋ ಜನ ಕೈಚೆಲ್ಲಿಬಿಡುತ್ತಾರೆ. ಹಾಗೆ ಕೈಚೆಲ್ಲಬೇಕಾಗಿಲ್ಲ ಅನ್ನುವುದಕ್ಕೆ ಈ ಪ್ರಕರಣ ಬರೆಯುತ್ತಿದ್ದೇನೆ.

ಇದು ಒಬ್ಬ ಬೆಳೆಗಾರರ ಒಂದು ಗಿಡ, ಒಂದು ಕಾಯಿಯ ವಿಷಯ. ಅವರ ಹೆಸರು, ಊರು, ವರ್ಷ, ಸ್ಪರ್ಧೆ ಯಾವುದನ್ನೂ ಇಲ್ಲಿ ಹೇಳಿಲ್ಲ. ಉಳಿದದ್ದೆಲ್ಲ ಅವರು ಬರೆದಿಟ್ಟ ಟಿಪ್ಪಣಿ, ತೆಗೆದಿಟ್ಟ ಫೋಟೋ ಮತ್ತು ನನ್ನ ಜೊತೆ ಆಡಿದ ಮಾತಿನಿಂದ ಬಂದದ್ದು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ತಪ್ಪಿದ ಕಡೆಯನ್ನೂ ಮುಚ್ಚದೆ ಬರೆಯಿರಿ ಅಂದದ್ದು ಅವರೇ.

ಹಿನ್ನೆಲೆ

ಅವರು ಹೊಸಬರಲ್ಲ. ಈ ಕೆಲಸಕ್ಕೆ ಇಳಿದು ಕೆಲವು ವರ್ಷ ಆಗಿತ್ತು. ಅದುವರೆಗಿನ ಅವರ ದೊಡ್ಡ ಕಾಯಿ ಮುನ್ನೂರು ಕೆಜಿ ಆಸುಪಾಸು ತೂಗಿತ್ತು. ಬೀಜ ಅಟ್ಲಾಂಟಿಕ್ ಜೈಂಟ್. ಇವತ್ತು ಸ್ಪರ್ಧೆಗೆ ಬರುವ ದೈತ್ಯ ಕಾಯಿಗಳು ಹೆಚ್ಚುಕಡಿಮೆ ಎಲ್ಲವೂ ಇದೇ ವಂಶದವು. ಕೆನಡಾದ ನೋವಾ ಸ್ಕೋಷಿಯಾದ ಹೊವಾರ್ಡ್ ಡಿಲ್ ಅನ್ನುವ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ ಇದು. 1904ರಲ್ಲಿ ದಾಖಲೆ ಅಂದರೆ 403 ಪೌಂಡ್, ಸುಮಾರು 183 ಕೆಜಿ. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪೇಟನ್ ಸಹೋದರರ ಕಾಯಿ 1,278 ಕೆಜಿ ದಾಟಿತು. ಕೆಲವೇ ತಿಂಗಳಲ್ಲಿ ಇಷ್ಟು ತೂಕ ಒಂದು ತೊಟ್ಟಿನ ಮೂಲಕ ಹಾದುಹೋಗಬೇಕು ಅಂದರೆ ಆ ತೊಟ್ಟಿನ ಮೇಲೆ ಬೀಳುವ ಹೊರೆ ಎಷ್ಟು ಅಂತ ಯೋಚಿಸಿ. ಜೆಸ್ಸಿಕಾ ಸ್ಯಾವೇಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೈತ್ಯ ತಳಿಗಳಲ್ಲಿ ಸಕ್ಕರೆ ಸಾಗಿಸುವ ಫ್ಲೋಯಮ್ ಅನ್ನುವ ಅಂಗಾಂಶವೇ ಹೆಚ್ಚಾಗಿದೆ ಅಂತ ಕಂಡುಕೊಂಡರು. ತೊಟ್ಟು ದಪ್ಪಗಿರುವುದು ಸುಮ್ನೆ ಅಲ್ಲ. ಅದರ ಒಂದೊಂದು ಪದರವೂ ಕೆಲಸದಲ್ಲಿರುತ್ತದೆ. ಮುಂದೆ ಈ ಬೆಳೆಗಾರರು ತೊಟ್ಟನ್ನು ಕೆರೆಯಲು ಕೂತಾಗ ಈ ವಿಷಯ ಮುಖ್ಯವಾಯಿತು.

ಕಾಯಿ ಕೂತದ್ದು ಮುಖ್ಯ ಬಳ್ಳಿಯ ಮೇಲೆ, ಬುಡದಿಂದ ಸುಮಾರು ನಾಲ್ಕು ಮೀಟರ್ ದೂರದಲ್ಲಿ. ಬೆಳಿಗ್ಗೆ ಬೇಗ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ತಾವೇ ಪರಾಗ ಹಚ್ಚಿದ್ದರು. ಗಿಡ ಆರೋಗ್ಯವಾಗಿತ್ತು. ಅಡ್ಡಬಳ್ಳಿಗಳನ್ನು ಎರಡೂ ಬದಿಗೆ ನೇರ ಹರಡಿ, ಪ್ರತಿ ಗೆಣ್ಣಿನ ಮೇಲೆ ಮಣ್ಣು ಎಳೆದು ಮುಚ್ಚಿದ್ದರು. ಕುಂಬಳದ ಬಳ್ಳಿ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಡುತ್ತದಲ್ಲ, ಮಣ್ಣು ಮುಚ್ಚಿದರೆ ಅಲ್ಲೆಲ್ಲ ಹೊಸ ಬೇರು ಇಳಿದು ಗಿಡಕ್ಕೆ ಬಲ ಬರುತ್ತದೆ. ಒಳ್ಳೆಯ ಪದ್ಧತಿ. ಆದರೆ ಕಾಯಿಯ ಪಕ್ಕದ ಗೆಣ್ಣುಗಳನ್ನೂ ಅವರು ಮುಚ್ಚಿಬಿಟ್ಟಿದ್ದರು.

ಇನ್ನೊಂದು ವಿಷಯ ತೊಟ್ಟಿನ ಕೋನ. ತೊಟ್ಟು ಬಳ್ಳಿಗೆ ಚೌಕವಾಗಿ, 90 ಡಿಗ್ರಿ ಇದ್ದರೆ ಕಾಯಿ ಎರಡೂ ಹೆಗಲು ಚಾಚಿ ಬೆಳೆಯಲು ಜಾಗ ಸಿಗುತ್ತದೆ. ಇಲ್ಲಿ ತೊಟ್ಟು ಒಂದು ಕಡೆ ವಾಲಿತ್ತು. ಕಾಯಿ ಚೆಂಡಿನ ಗಾತ್ರ ಇರುವಾಗ ಇದನ್ನು ಸರಿಮಾಡಬಹುದು. ಸಂಜೆ ಹೊತ್ತು ಗಿಡ ಬಿಸಿಲಿಗೆ ಸೋತು ಬಳ್ಳಿ ಮೆತ್ತಗಿರುತ್ತದೆ. ಆಗ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಳ್ಳಿಯನ್ನೋ ಕಾಯಿಯನ್ನೋ ಸರಿಸುತ್ತಾ ಬಂದರೆ ಒಂದೆರಡು ವಾರದಲ್ಲಿ ಕೋನ ದಾರಿಗೆ ಬರುತ್ತದೆ. ಬೆಳಿಗ್ಗೆ ಈ ಕೆಲಸಕ್ಕೆ ಕೈ ಹಾಕಬಾರದು. ರಾತ್ರಿಯೆಲ್ಲ ನೀರು ಕುಡಿದ ಬಳ್ಳಿ ಬಿರುಸಾಗಿರುತ್ತದೆ, ಪಟ್ ಅಂತ ಮುರಿಯುತ್ತದೆ. ನಮ್ಮ ಬೆಳೆಗಾರರ ಟಿಪ್ಪಣಿಯಲ್ಲಿ ಆ ಹೊತ್ತಿಗೆ "ಕೋನ ಕಡಿಮೆ, ನೋಡಬೇಕು" ಅಂತ ಒಂದು ಸಾಲಿದೆ. ಆಮೇಲೆ ಆ ಮಾತು ಎಲ್ಲೂ ಇಲ್ಲ. ಕಾಯಿ ಚೆನ್ನಾಗಿ ಬರುತ್ತಿತ್ತು, ಮುಟ್ಟಲು ಮನಸ್ಸಾಗಲಿಲ್ಲ ಅಂದರು.

ಸಮಸ್ಯೆ

ಪರಾಗಸ್ಪರ್ಶವಾದ ನಾಲ್ಕನೇ ವಾರದಿಂದ ಕಾಯಿ ಓಡತೊಡಗಿತು. ಸುತ್ತಳತೆ, ಅಡ್ಡಡ್ಡ ಮೇಲಿನಿಂದ ನೆಲದವರೆಗೆ, ಉದ್ದುದ್ದ ಮೇಲಿನಿಂದ ನೆಲದವರೆಗೆ, ಹೀಗೆ ಟೇಪಿನಲ್ಲಿ ಮೂರು ಅಳತೆ ತೆಗೆದು ಕೂಡಿಸಿ, ಕೋಷ್ಟಕ ನೋಡಿದರೆ ಅಂದಾಜು ತೂಕ ಸಿಗುತ್ತದೆ. ಆ ಲೆಕ್ಕದಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಕೆಜಿ ಏರುತ್ತಿತ್ತು. ದೊಡ್ಡ ಸ್ಪರ್ಧೆಯ ಕಾಯಿಗಳು ಈ ಹಂತದಲ್ಲಿ ದಿನಕ್ಕೆ ಇಪ್ಪತ್ತು ಕೆಜಿಗಿಂತ ಹೆಚ್ಚು ಏರುವುದೂ ಉಂಟು. ಇವರ ಮಟ್ಟಿಗೆ ಇದೇ ಅತಿ ವೇಗ.

ಕಾಯಿ ಬರೀ ಅಗಲಕ್ಕೆ ಬೆಳೆಯುವುದಿಲ್ಲ, ಎತ್ತರಕ್ಕೂ ಬೆಳೆಯುತ್ತದೆ. ಎತ್ತರವಾದಂತೆ ತೊಟ್ಟು ಮೇಲೇರುತ್ತದೆ, ತೊಟ್ಟಿನ ಜೊತೆ ಬಳ್ಳಿಯೂ ಏಳಬೇಕು. ಇಲ್ಲಿ ಬಳ್ಳಿ ಎರಡೂ ಪಕ್ಕದಲ್ಲಿ ಬೇರು ಬಿಟ್ಟು ನೆಲಕ್ಕೆ ಕಟ್ಟಿಹಾಕಿದಂತಿತ್ತು. ವಾಲಿದ ಕಡೆಯ ಹೆಗಲು ಬಳ್ಳಿಗೆ ತಾಗಿ ಅದನ್ನು ಹೊರಗೆ ತಳ್ಳತೊಡಗಿತ್ತು. ಒಂದು ಕಡೆ ಎಳೆತ, ಇನ್ನೊಂದು ಕಡೆ ನೂಕು. ಎರಡರ ನಡುವೆ ತೊಟ್ಟು.

ಒಂದಿಷ್ಟು ದಿನ ಒಣಹವೆ ಇದ್ದು, ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ನೋಡಿದರೆ ತೊಟ್ಟು ಬಳ್ಳಿಗೆ ಸೇರುವ ಜಾಗದಲ್ಲಿ, ಮೇಲ್ಭಾಗದಲ್ಲಿ, ಬೆರಳುದ್ದದ ಸೀಳು. ಕೂದಲೆಳೆಯಷ್ಟು ಸಣ್ಣದು. ಅಂಚಿನಲ್ಲಿ ಅಂಟಿನ ಹನಿಗಳು ಸಾಲಾಗಿ ನಿಂತಿದ್ದವು. ಕುಂಬಳ ಜಾತಿಯ ರಸಕ್ಕೆ ಒಂದು ಒಳ್ಳೆಯ ಗುಣವಿದೆ, ಗಾಳಿ ತಾಗಿದ ಕೂಡಲೇ ಗಟ್ಟಿಯಾಗಿ ಲೋಳೆಯಂತೆ ನಿಂತುಬಿಡುತ್ತದೆ. ಗಿಡ ತನ್ನ ಗಾಯ ತಾನೇ ಮುಚ್ಚಿಕೊಳ್ಳುವ ಮೊದಲ ಹೆಜ್ಜೆ ಅದು. ಆ ಬೆಳಿಗ್ಗೆ ಗಿಡ ತನ್ನ ಕೆಲಸ ಶುರುಮಾಡಿತ್ತು.

ಮೊದಲ ಪ್ರಯತ್ನ: ಮುಚ್ಚಿದ್ದು

ಬೆಳೆಗಾರರಿಗೆ ಗಾಬರಿಯಾಯಿತು. ಸೀಳಿಗೆ ನೀರು ಹೋದರೆ ಕೊಳೆಯುತ್ತದೆ, ಹಾಗಾಗಿ ಮುಚ್ಚಿಬಿಡೋಣ ಅಂದುಕೊಂಡರು. ಕಸಿ ಕಟ್ಟಲು ಬಳಸುವ ಮೇಣ ಮನೆಯಲ್ಲಿತ್ತು. ಸೀಳಿನ ಉದ್ದಕ್ಕೂ ಮೆತ್ತಿದರು. ಮೇಲೆ ಬಟ್ಟೆಪಟ್ಟಿ ಸುತ್ತಿದರು. ಸೀಳು ಅಗಲವಾಗಬಾರದು ಅಂತ ಸ್ವಲ್ಪ ಬಿಗಿಯಾಗಿಯೇ ಕಟ್ಟಿದರು.

ಇದನ್ನು ಮಾಡುವವರು ತುಂಬಾ ಜನ. ಯೋಚನೆಯಲ್ಲಿ ತಪ್ಪು ಕಾಣುವುದಿಲ್ಲ, ಅಲ್ವಾ? ಹೊರಗಿನ ನೀರು ಒಳಗೆ ಬಾರದಂತೆ ತಡೆಯುವುದು. ಆದರೆ ತೊಟ್ಟಿನಲ್ಲಿ ನೀರು ಹೊರಗಿನಿಂದ ಬರುವುದಕ್ಕಿಂತ ಒಳಗಿನಿಂದ ಬರುವುದೇ ಜಾಸ್ತಿ. ಕಾಯಿಗೆ ಹರಿಯುವ ರಸ ಪ್ರತಿ ರಾತ್ರಿ ಒತ್ತಡದಲ್ಲಿರುತ್ತದೆ, ಗಾಯ ಸಿಕ್ಕಲ್ಲಿ ಜಿನುಗುತ್ತದೆ. ಮೇಣದ ಕೆಳಗೆ ಆ ಸಿಹಿ ರಸ ನಿಂತಿತು. ಬಿಸಿಲಿಗೆ ಬೆಚ್ಚಗಾಯಿತು. ಗಾಳಿಯಿಲ್ಲ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಇಷ್ಟೇ. ದಿನ ಕಳೆದಂತೆ ಪಟ್ಟಿಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ವಾಸನೆ.

ವಾಸನೆ ಬಂತು ಅನ್ನುವುದನ್ನು ಅವರು ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಅದು ಬರೀ ಗಾಬರಿಯ ಗುರುತಲ್ಲ, ರೋಗದ ಗುರುತೂ ಹೌದು. ತೊಟ್ಟಿನ ಕೊಳೆಯಲ್ಲಿ ಎರಡು ಬಗೆ ಮುಖ್ಯವಾಗಿ ಕಾಣುತ್ತವೆ. ಮೆತ್ತಗೆ, ನೀರುನೀರಾಗಿ, ಮೂಗು ಮುಚ್ಚುವಂತೆ ನಾರಿದರೆ ಬಹುತೇಕ ಬ್ಯಾಕ್ಟೀರಿಯಾದ ಮೃದು ಕೊಳೆ. ಒಣಗಿದಂತೆ ಕಂದಾಗಿ, ಮೇಲೆ ಸಣ್ಣ ಕಪ್ಪು ಚುಕ್ಕೆ ಕಂಡು, ಜೇನಿನ ಬಣ್ಣದ ಅಂಟು ಒಸರಿದರೆ ಶಿಲೀಂಧ್ರದ ಕಡೆ ಅನುಮಾನಪಡಬೇಕು. ಇವೆರಡೂ ಒಟ್ಟಿಗೆ ಇರುವುದೂ ಉಂಟು. ಆದರೂ ಈ ವ್ಯತ್ಯಾಸ ತಿಳಿದಿರಬೇಕು. ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ನಾರುವ ಮೃದು ಕೊಳೆಯ ಮೇಲೆ ಎಷ್ಟೇ ಪುಡಿ ಹಾಕಿದರೂ ಒದ್ದೆ ಇರುವ ತನಕ ಅದು ಮುಂದುವರಿಯುತ್ತದೆ.

ಕೀಳುವುದೋ ಉಳಿಸುವುದೋ

ಆ ಸಂಜೆ ಅವರು ಇಬ್ಬರು ಹಿರಿಯ ಬೆಳೆಗಾರರಿಗೆ ಫೋನ್ ಮಾಡಿದರು. ಒಬ್ಬರು ಹೇಳಿದ್ದು, "ಆ ಕಾಯಿ ಬಿಟ್ಟುಬಿಡಿ. ಕೊಳೆ ಬಳ್ಳಿಗೆ ಹತ್ತಿದರೆ ಗಿಡವೇ ಹೋಗುತ್ತೆ. ಹಿಂದಿನ ಅಡ್ಡಬಳ್ಳಿಯಲ್ಲಿ ಇನ್ನೊಂದು ಕಾಯಿ ಬಿಡಿಸಿ." ಇನ್ನೊಬ್ಬರು, "ಮೊದಲು ಪಟ್ಟಿ ಬಿಚ್ಚಿ, ತೊಟ್ಟು ಎಷ್ಟು ಉಳಿದಿದೆ ನೋಡಿ, ಆಮೇಲೆ ಮಾತಾಡೋಣ."

ಎರಡನೆಯ ಮಾತು ನನಗೆ ತುಂಬಾ ಇಷ್ಟವಾಯಿತು. ಉಳಿಸಬೇಕೋ ಬೇಡವೋ ಅನ್ನುವುದನ್ನು ವಾಸನೆ ನೋಡಿ ತೀರ್ಮಾನಿಸಬಾರದು, ತೊಟ್ಟಿನ ಸುತ್ತಳತೆಯಲ್ಲಿ ಗಟ್ಟಿ ಭಾಗ ಎಷ್ಟಿದೆ ನೋಡಿ ತೀರ್ಮಾನಿಸಬೇಕು. ಕುಂಬಳದ ಬಳ್ಳಿಯಲ್ಲಿ ನೀರು, ಸಕ್ಕರೆ ಸಾಗಿಸುವ ನಾಳಗಳು ಒಂದೇ ಕಡೆ ಗುಂಪಾಗಿಲ್ಲ, ಸುತ್ತಲೂ ಬೇರೆ ಬೇರೆ ಕಟ್ಟುಗಳಾಗಿ ಹಂಚಿಕೊಂಡಿವೆ. ತೊಟ್ಟಿನ ಒಂದು ಕಡೆ ಹೋದರೂ ಉಳಿದ ಕಡೆಯ ಕಟ್ಟುಗಳು ಕೆಲಸ ಮಾಡುತ್ತಲೇ ಇರುತ್ತವೆ. ಬೆಳೆಗಾರರು ಪಟ್ಟಿ ಬಿಚ್ಚಿ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿದರು. ಮೇಲಿನ ಮೂರನೇ ಒಂದು ಪಾಲು ಮೆತ್ತಗಿತ್ತು. ಎರಡೂ ಪಕ್ಕ, ಕೆಳಭಾಗ ಕಲ್ಲಿನಂತೆ ಗಟ್ಟಿ. ಕಾಯಿಯ ಅಂದಾಜು ತೂಕ ಆಗಲೇ ಇನ್ನೂರು ಕೆಜಿ ಮೀರಿತ್ತು. ಹೊಸ ಕಾಯಿ ಈಗ ಬಿಡಿಸಿದರೆ ಋತು ಮುಗಿಯುವ ಹೊತ್ತಿಗೆ ಅಷ್ಟಕ್ಕೆ ಬರುವುದೇ ಅನುಮಾನ. ಉಳಿಸುವುದೆಂದು ನಿರ್ಧಾರವಾಯಿತು.

ಬಳ್ಳಿಯ ಕಡೆ ಕೊಳೆ ಹರಡಿದರೆ ಏನು ಮಾಡುವುದು ಅನ್ನುವುದನ್ನೂ ಅವರು ಅವತ್ತೇ ಬರೆದಿಟ್ಟರು. ಕೊಳೆ ಕಾಯಿಯಿಂದ ಬುಡದ ಕಡೆಯ ಗೆಣ್ಣು ದಾಟಿದರೆ ಕಾಯಿ ಕೀಳುವುದು, ತುದಿಯ ಕಡೆಯ ಗೆಣ್ಣು ದಾಟಿದರೆ ಆ ತುದಿಬಳ್ಳಿಯನ್ನು ಬಿಟ್ಟುಕೊಡುವುದು. ಮೊದಲೇ ಗೆರೆ ಎಳೆದುಕೊಂಡದ್ದು ಆಮೇಲೆ ಅವರಿಗೆ ತುಂಬಾ ಸಹಾಯ ಮಾಡಿತು. ಕೊಳೆಯ ಎದುರು ದಿನಾ ಕೂತಾಗ ಮನಸ್ಸು ದಿನಕ್ಕೊಂದು ಥರ ಹೇಳುತ್ತದೆ.

ಕೆರೆದದ್ದು

ಮರುದಿನ ಬಿಸಿಲು ಏರಿ ತೊಟ್ಟಿನ ಮೇಲಿನ ಇಬ್ಬನಿ ಆರಿದ ಮೇಲೆ ಕೆಲಸಕ್ಕೆ ಕೂತರು. ಕೈಗವಸು, ಒಂದು ಹಳೆಯ ಟೀ ಚಮಚ, ಒಂದು ಸಣ್ಣ ಚಾಕು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ಡಬ್ಬಿ. ಚಮಚವನ್ನೂ ಚಾಕುವನ್ನೂ ಆಗಾಗ ಅದರಲ್ಲಿ ಅದ್ದಿ ಒರೆಸುವುದು. ಆ ನೀರು ಉಪಕರಣಕ್ಕೆ ಮಾತ್ರ, ಗಾಯಕ್ಕೆ ಸುರಿಯಲಿಲ್ಲ.

ಚಾಕುವಿಗಿಂತ ಚಮಚ ಯಾಕೆ ಒಳ್ಳೆಯದು ಅಂದರೆ, ಚಾಕು ಕೊಳೆತದ್ದನ್ನೂ ಕತ್ತರಿಸುತ್ತದೆ, ಒಳ್ಳೆಯದನ್ನೂ ಕತ್ತರಿಸುತ್ತದೆ. ಚಮಚದ ಅಂಚಿಗೆ ಕೊಳೆತ ಭಾಗ ತಾನಾಗಿ ಬರುತ್ತದೆ. ಗಟ್ಟಿ ಭಾಗ ಸಿಕ್ಕ ಕೂಡಲೇ ಚಮಚ ಜಾರುತ್ತದೆ. ಆ ಜಾರುವಿಕೆ ಕೈಗೆ ಗೊತ್ತಾಗುತ್ತದೆ, ಸದ್ದೂ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬೂದು ಬಣ್ಣದ ಲೋಳೆ ಮೊದಲು ಬಂತು, ಆಮೇಲೆ ನಾರುನಾರಾದ ಕಂದು ಭಾಗ, ಆಮೇಲೆ ತಿಳಿಹಸಿರು. ತಿಳಿಹಸಿರಿನ ಮೇಲೆ ಒಂದೆರಡು ನಿಮಿಷದಲ್ಲಿ ಹೊಸ ರಸದ ಹನಿ ಮೂಡಿದರೆ ಅದು ಜೀವಂತ ಅಂತ ಅರ್ಥ. ಒಂದು ಕಡೆ ಹಸಿರು ಕಂಡರೂ ಹನಿ ಮೂಡಲಿಲ್ಲ. ಅಲ್ಲಿ ಇನ್ನೂ ಸ್ವಲ್ಪ ಕೆರೆಯಲು ಕೈ ಹೋಯಿತಂತೆ, ತಡೆದುಕೊಂಡರು. ನಾಳೆ ಮೆತ್ತಗಾದರೆ ನಾಳೆ ತೆಗೆಯಬಹುದು, ಇವತ್ತು ತೆಗೆದದ್ದನ್ನು ನಾಳೆ ಅಂಟಿಸಲಾಗುವುದಿಲ್ಲ. ಮರುದಿನ ಆ ಭಾಗ ಗಟ್ಟಿಯಾಗಿಯೇ ಇತ್ತು.

ಕೆರೆಯುತ್ತಾ ಹೋದಾಗ ಬಳ್ಳಿಯ ಒಳಗಿನ ಟೊಳ್ಳು ಸಿಕ್ಕಿತು. ಕುಂಬಳದ ಬಳ್ಳಿ ಗೆಣ್ಣು ಗೆಣ್ಣಿನ ನಡುವೆ ಕೊಳವೆಯ ಹಾಗೆ ಟೊಳ್ಳು. ಅದರೊಳಗೆ ಕಂದು ನೀರು ನಿಂತಿತ್ತು. ಮೇಲಿನಿಂದ ಎಷ್ಟು ಒರೆಸಿದರೂ ಮತ್ತೆ ತುಂಬುತ್ತಿತ್ತು. ಆಗ ಅವರು ಮಾಡಿದ ಕೆಲಸ ನೋಡುವವರಿಗೆ ಎದೆ ಝಲ್ಲೆನ್ನುವಂಥದ್ದು. ಬಳ್ಳಿಯ ತಳಭಾಗದಲ್ಲಿ, ಟೊಳ್ಳಿನ ಅತಿ ತಗ್ಗಿನ ಜಾಗದಲ್ಲಿ, ಪೆನ್ಸಿಲ್ ದಪ್ಪದ ಒಂದು ತೂತು ಮಾಡಿದರು. ಕಂದು ನೀರು ಕೆಳಗೆ ಸೋರಿಹೋಯಿತು. ಗಾಯ ಮೇಲಿದ್ದರೆ ಅದು ನೀರು ತುಂಬುವ ಬಟ್ಟಲು. ಕೆಳಗೊಂದು ಬಾಯಿ ಬಿಟ್ಟರೆ ನೀರು ನಿಲ್ಲುವುದಿಲ್ಲ, ಗಾಳಿಯೂ ಆಡುತ್ತದೆ. ಈ ಒಂದು ತೂತು ಈ ಪ್ರಕರಣದಲ್ಲಿ ಪುಡಿಗಿಂತ ಹೆಚ್ಚು ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಒಂದು ಎಚ್ಚರಿಕೆ. ಇದು ಬಳ್ಳಿಯಲ್ಲಿ ಮಾಡಿದ ತೂತು, ಕಾಯಿಯಲ್ಲಿ ಅಲ್ಲ. ದೈತ್ಯ ಕಾಯಿಗಳ ಸ್ಪರ್ಧೆಗೆ ನಿಯಮ ಮಾಡುವ ಗ್ರೇಟ್ ಪಂಪ್ಕಿನ್ ಕಾಮನ್‌ವೆಲ್ತ್ ಅನ್ನುವ ಸಂಸ್ಥೆಯ ನಿಯಮದಲ್ಲಿ ನಡೆಯುವ ತೂಕದ ಸ್ಪರ್ಧೆಯಲ್ಲಿ ಕಾಯಿಯ ಒಳಗಿನ ಟೊಳ್ಳಿನವರೆಗೆ ತೂತು ಅಥವಾ ಬಿರುಕು ಹೋಗಿದ್ದರೆ ಆ ಕಾಯಿ ಅನರ್ಹ. ತೊಟ್ಟಿನ ಬುಡದಲ್ಲಿ ಕಾಯಿಯ ಕಡೆ ಕೆರೆಯುವಾಗ ಇದು ನೆನಪಿರಬೇಕು.

ಕೆರೆದ ಮೇಲೆ ಕ್ಯಾಪ್ಟಾನ್ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ ತೆಳ್ಳಗೆ ಬಳಿದರು. ಶಿಲೀಂಧ್ರ ಬಂದು ಸೇರದಿರಲಿ ಅಂತ ಅಷ್ಟೇ. ಚೀಟಿಯಲ್ಲಿ ಬರೆದ ಪ್ರಮಾಣ, ಮುಖಗವಸು, ಕನ್ನಡಕ ಎಲ್ಲ ಪಾಲಿಸಿದರು. ಪಕ್ಕದಲ್ಲಿ ಒಂದು ಸಣ್ಣ ಟೇಬಲ್ ಫ್ಯಾನ್ ಇಟ್ಟು, ಹಗಲು ರಾತ್ರಿ ನೇರ ಗಾಯಕ್ಕೆ ಗಾಳಿ ಬೀಳುವಂತೆ ಮಾಡಿದರು. ಮೇಲೆ ಮಳೆ ಬೀಳದಂತೆ ಒಂದು ತಗಡು, ಆದರೆ ಎರಡೂ ಬದಿ ತೆರೆದದ್ದು. ಫ್ಯಾನಿನ ವೈರು, ಪ್ಲಗ್ಗು ನೆಲದಿಂದ ಎತ್ತರದಲ್ಲಿ, ಒದ್ದೆಯಾಗದಂತೆ.

ಎಳೆತ ಬಿಡಿಸಿದ್ದು

ಎರಡು ದಿನ ಗಾಯ ಒಣಗಿತು. ಮೂರನೇ ಬೆಳಿಗ್ಗೆ ಒಣಗಿದ ಪದರದ ನಡುವೆ ಹೊಸ ಸೀಳು, ಹೊಸ ಹಸಿ. ಸಂಜೆಗೆ ಸೀಳು ಕೂಡಿಕೊಂಡಂತೆ ಕಾಣುತ್ತಿತ್ತು, ಬೆಳಿಗ್ಗೆ ಮತ್ತೆ ಬಾಯಿ ಬಿಡುತ್ತಿತ್ತು.

ಬೆಳೆಗಾರರು ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೋ ಒಂದೇ ಜಾಗದಿಂದ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿದರು. ಪ್ರಕರಣದ ದೊಡ್ಡ ತಿರುವು ಇದು. ಕೊಳೆ ಸೀಳನ್ನು ದೊಡ್ಡದು ಮಾಡುತ್ತಿದೆ ಅಂತ ಅವರು ಅದುವರೆಗೆ ತಿಳಿದಿದ್ದರು. ಫೋಟೋ ನೋಡಿದಾಗ ಗೊತ್ತಾಯಿತು, ಸೀಳು ದೊಡ್ಡದಾಗುತ್ತಿರುವುದು ಎಳೆತದಿಂದ. ಕೊಳೆ ಅದರ ಹಿಂದೆ ಬರುತ್ತಿದೆ. ರಾತ್ರಿ ಕಾಯಿ ಉಬ್ಬಿ ತೊಟ್ಟನ್ನು ಎತ್ತುತ್ತದೆ, ಬಳ್ಳಿ ಏಳುವುದಿಲ್ಲ, ಗಾಯ ಬಾಯಿ ಬಿಡುತ್ತದೆ. ಗಾಯ ಒಣಗಿಸುವ ಕೆಲಸವೆಲ್ಲ ಪ್ರತಿ ರಾತ್ರಿ ಹಾಳಾಗುತ್ತಿತ್ತು.

ಅವತ್ತು ಸಂಜೆ ಕಾಯಿಯ ಎರಡೂ ಪಕ್ಕ ಸುಮಾರು ಒಂದೊಂದು ಮೀಟರ್ ಉದ್ದಕ್ಕೆ ಬಳ್ಳಿಯ ಮೇಲಿನ ಮಣ್ಣನ್ನು ಕೈಯಲ್ಲೇ ಬಿಡಿಸಿದರು. ಆ ಭಾಗದ ಗೆಣ್ಣಿನ ಬೇರುಗಳನ್ನು ಕತ್ತರಿಸಿದರು. ನೆಲದ ಹುಲ್ಲುಕಡ್ಡಿಗೆ ಸುತ್ತಿಕೊಂಡಿದ್ದ ನುಲಿಬಳ್ಳಿಗಳನ್ನೂ ಕತ್ತರಿಸಿದರು. ಆ ಬೇರು ಕಳೆದುಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಗಿಡದ ತುಂಬಾ ಬೇರೆ ಗೆಣ್ಣುಗಳು ಬೇರು ಬಿಟ್ಟಿದ್ದವು, ನಷ್ಟ ತುಂಬಲು ಅವು ಇದ್ದವು. ಹೆಗಲು ಒತ್ತುತ್ತಿದ್ದ ಕಡೆಯ ಅಡ್ಡಬಳ್ಳಿಯೊಂದನ್ನು ಬುಡಕ್ಕೆ ತೆಗೆದು, ಮುಖ್ಯ ಬಳ್ಳಿ ಆ ಕಡೆ ಸರಿಯಲು ಜಾಗ ಮಾಡಿದರು. ಬಳ್ಳಿಯನ್ನು ಎಳೆಯಲಿಲ್ಲ, ಕಾಯಿಯನ್ನು ಅಲುಗಿಸಲಿಲ್ಲ. ಕಟ್ಟು ಬಿಚ್ಚಿ ಬಿಟ್ಟರು ಅಷ್ಟೇ. ಮಾರನೇ ಬೆಳಿಗ್ಗೆ ಬಳ್ಳಿ ನೆಲದಿಂದ ನಾಲ್ಕು ಬೆರಳು ಮೇಲೆ ಎದ್ದು ನಿಂತಿತ್ತು! ಅಷ್ಟು ಎಳೆತ ಆ ತೊಟ್ಟಿನ ಮೇಲಿತ್ತು. ಎದ್ದ ಬಳ್ಳಿ ಗಾಳಿಗೆ ತೂಗಾಡದಂತೆ ಕೆಳಗೆ ಮೆತ್ತನೆಯ ಸ್ಪಂಜಿನ ತುಂಡುಗಳನ್ನು ಇಟ್ಟರು.

ನೀರಿನ ಕ್ರಮವನ್ನೂ ಬದಲಿಸಿದರು. ಒಮ್ಮೆಲೇ ಜಾಸ್ತಿ ಕೊಡುವ ಬದಲು ದಿನಾ ಸ್ವಲ್ಪ ಸ್ವಲ್ಪ, ಒಂದೇ ಪ್ರಮಾಣದಲ್ಲಿ. ಸಾರಜನಕದ ಗೊಬ್ಬರ ನಿಲ್ಲಿಸಿದರು. ಕಾಯಿ ನಿಧಾನವಾದರೂ ಪರವಾಗಿಲ್ಲ, ಒಂದೇ ಸಮ ಬೆಳೆಯಲಿ ಅನ್ನುವ ತೀರ್ಮಾನ ಅದು. ಸ್ಪರ್ಧೆಯ ಹುಮ್ಮಸ್ಸಿನಲ್ಲಿ ಇರುವವರಿಗೆ ಈ ತೀರ್ಮಾನ ಎಷ್ಟು ಕಷ್ಟ ಅಂತ ಬೆಳೆದವರಿಗೆ ಗೊತ್ತು.

ಮತ್ತೆ ಒದ್ದೆ

ಸೀಳು ನಿಂತಿತು. ಗಾಯದ ಸುತ್ತ ಒಣಗಿದ ಕಂದು ಅಂಚು ಮೂಡಿತು, ಕೆಳಗೆ ತೊಗಟೆಯಂಥ ಗಟ್ಟಿ ಪದರ ಕಟ್ಟತೊಡಗಿತು. ಆದರೆ ಗಾಯದ ಹಿಂಭಾಗದ ಒಂದು ಮೂಲೆ ಮಾತ್ರ ಒಣಗಲೇ ಇಲ್ಲ. ಫ್ಯಾನ್ ತಿರುಗುತ್ತಿದೆ, ತಗಡು ಇದೆ, ಎಳೆತ ಇಲ್ಲ. ಆದರೂ ತುಂತುರು ಮಳೆ ಬಂದ ಮರುದಿನ ಆ ಮೂಲೆಯಲ್ಲಿ ನೀರು.

ಮತ್ತೆ ಕೆರೆಯುವುದೋ, ಬೇರೆ ಔಷಧಿ ಹಾಕುವುದೋ ಅಂತ ಯೋಚಿಸುತ್ತಿದ್ದವರು ಎರಡನೇ ಹಿರಿಯರ ಮಾತು ನೆನೆದು ಮೊದಲು ನೋಡಲು ಕೂತರು. ನೆಲಕ್ಕೆ ಬಗ್ಗಿ, ಟಾರ್ಚ್ ಹಾಕಿ, ಆ ಮೂಲೆಯಿಂದ ಹಿಂದಕ್ಕೆ ಹಿಂದಕ್ಕೆ. ಗಾಳಿ ಆಡಲಿ ಅಂತ ಅವರು ತೊಟ್ಟಿನ ಹತ್ತಿರದ ಎರಡು ಎಲೆ ಕತ್ತರಿಸಿದ್ದರು. ಕುಂಬಳದ ಎಲೆಯ ಕಾಂಡವೂ ಟೊಳ್ಳು. ಒಂದು ಗೇಣು ಉದ್ದ ಬಿಟ್ಟು ಕತ್ತರಿಸಿದ್ದ ಆ ಮೋಟು ನೆಟ್ಟಗೆ, ಬಾಯಿ ಮೇಲೆ ಮಾಡಿ ನಿಂತಿತ್ತು. ತಗಡಿನ ಅಂಚಿನಿಂದ ಬೀಳುವ ಹನಿ ನೇರ ಅದರೊಳಗೆ ಬೀಳುತ್ತಿತ್ತು. ಅಲ್ಲಿಂದ ನೀರು ಒಳಗೊಳಗೇ ಗೆಣ್ಣಿಗೆ, ಗೆಣ್ಣಿನಿಂದ ಗಾಯದ ಮೂಲೆಗೆ. ಮೋಟಿನ ಒಳಗೆ ಬೆರಳು ಹಾಕಿದರೆ ಲೋಳೆ ಬಂತು.

ಮೋಟನ್ನು ಬುಡಕ್ಕೆ, ಓರೆಯಾಗಿ, ನೀರು ಜಾರಿಹೋಗುವಂತೆ ಕತ್ತರಿಸಿದರು. ತಗಡನ್ನು ಒಂದು ಗೇಣು ಮುಂದಕ್ಕೆ ಸರಿಸಿದರು. ಆ ಮೂಲೆ ಆಮೇಲೆ ಒದ್ದೆಯಾಗಲಿಲ್ಲ. ಯಾವ ಹೊಸ ಪುಡಿಯೂ ಬೇಕಾಗಲಿಲ್ಲ. ತೊಟ್ಟು ಕೊಳೆತಿದೆ ಅಂತ ಯಾರಾದರೂ ಫೋಟೋ ಕಳಿಸಿ ಏನು ಹಚ್ಚಲಿ ಅಂತ ಕೇಳಿದಾಗ ನಾನು ಈ ಮೋಟಿನ ಕಥೆ ಹೇಳುತ್ತೇನೆ. ಏನು ಹಚ್ಚುವುದು ಅನ್ನುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಮೇಲಿನಿಂದ ಬರಬಹುದು, ಒಳಗಿನಿಂದ ಜಿನುಗಬಹುದು, ಪಕ್ಕದ ಟೊಳ್ಳಿನಿಂದ ಹರಿಯಬಹುದು, ಎಲೆಗಳ ನೆರಳಲ್ಲಿ ಇಬ್ಬನಿ ಆರದೆ ನಿಲ್ಲಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ಪುಡಿ ಈ ನಾಲ್ಕರಲ್ಲಿ ಯಾವುದನ್ನೂ ನಿಲ್ಲಿಸುವುದಿಲ್ಲ.

ಏನಾಯಿತು

ಗಾಯವಾದ ವಾರ ಕಾಯಿಯ ಬೆಳವಣಿಗೆ ದಿನಕ್ಕೆ ಮೂರ್ನಾಲ್ಕು ಕೆಜಿಗೆ ಇಳಿದಿತ್ತು. ಎಳೆತ ಬಿಡಿಸಿದ ಮೇಲೆ ನಿಧಾನವಾಗಿ ಏಳೆಂಟಕ್ಕೆ ಏರಿತು. ಹಳೆಯ ವೇಗ ಮತ್ತೆ ಬರಲಿಲ್ಲ. ಕೊಳೆ ಗೆಣ್ಣು ದಾಟಲಿಲ್ಲ, ಹಾಗಾಗಿ ಬರೆದಿಟ್ಟ ಗೆರೆಗಳನ್ನು ಬಳಸುವ ಪ್ರಸಂಗ ಬರಲಿಲ್ಲ. ಋತುವಿನ ಕೊನೆಯಲ್ಲಿ ಗಿಡದ ಬುಡದಲ್ಲೂ ಕೊಳೆ ಕಾಣಿಸಿತು, ನೊರೆನೊರೆಯಾಗಿ. ಅಲ್ಲಿಯೂ ಅದೇ ಕ್ರಮ: ಮಣ್ಣು ಸರಿಸಿ, ಕೆರೆದು, ಒಣಗಿಸಿದ್ದು. ಅಷ್ಟು ಹೊತ್ತಿಗೆ ಗೆಣ್ಣಿನ ಬೇರುಗಳೇ ಗಿಡವನ್ನು ಸಾಕುತ್ತಿದ್ದವು, ಕಾಯಿಗೆ ಏನೂ ಆಗಲಿಲ್ಲ. ಕಾಯಿ ಸ್ಪರ್ಧೆಗೆ ಹೋಯಿತು. ತಪಾಸಣೆಯಲ್ಲಿ ತೊಟ್ಟನ್ನು ಒತ್ತಿ, ಬೆಳಕು ಹಾಕಿ ನೋಡಿದರು, ಗಟ್ಟಿಯಾಗಿತ್ತು, ಒಪ್ಪಿದರು. ತೂಕ ನಾನೂರು ಕೆಜಿ ದಾಟಿತು. ಅವರ ಅದುವರೆಗಿನ ದೊಡ್ಡ ಕಾಯಿ ಅದೇ.

ಸ್ಪರ್ಧೆ ಮುಗಿದ ಮೇಲೆ ಅವರು ತೊಟ್ಟನ್ನು ಉದ್ದಕ್ಕೆ ಸೀಳಿ ನೋಡಿದರು. ಕೆರೆದ ಗುಂಡಿಯ ಸುತ್ತ ಬೆರಳಿನ ದಪ್ಪದ ಮರದಂಥ ಪದರ ಕಟ್ಟಿತ್ತು. ಅದರಾಚೆ ತೊಟ್ಟು ಬಿಳಿಯಾಗಿ, ಹಸಿಯಾಗಿ, ಯಾವ ಕಲೆಯೂ ಇಲ್ಲದೆ ಇತ್ತು. ಹನಿ ಮೂಡದೆ ಅನುಮಾನ ಹುಟ್ಟಿಸಿದ್ದ, ಕೈ ತಡೆದು ಬಿಟ್ಟ ಆ ಜಾಗದಲ್ಲೂ ಪದರ ಕಟ್ಟಿತ್ತು. ಅವತ್ತು ಅದನ್ನು ಕೆರೆದಿದ್ದರೆ ಕಾಯಿಯ ಕಡೆಗೆ ಇನ್ನೂ ಒಂದು ಬೆರಳಿನಷ್ಟು ಒಳ್ಳೆಯ ಭಾಗ ಹೋಗುತ್ತಿತ್ತು.

ಬೆಳೆಗಾರರಿಗೂ ನನಗೂ ಒಂದು ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. ಫ್ಯಾನ್ ಇಲ್ಲದಿದ್ದರೆ ಕಾಯಿ ಉಳಿಯುತ್ತಿರಲಿಲ್ಲ ಅನ್ನುತ್ತಾರೆ ಅವರು. ಎಳೆತ ಬಿಡಿಸದಿದ್ದರೆ ಎಷ್ಟು ಫ್ಯಾನ್ ಹಾಕಿದರೂ ಉಳಿಯುತ್ತಿರಲಿಲ್ಲ ಅನ್ನುತ್ತೇನೆ ನಾನು. ಕೆರೆಯುವುದು, ಗಾಳಿ ಹಾಕುವುದು, ಎಳೆತ ಬಿಡಿಸುವುದು, ಈ ಮೂರು ಕೆಲಸ ಹೆಚ್ಚುಕಮ್ಮಿ ಒಟ್ಟಿಗೇ ನಡೆದವು, ಒಂದೊಂದರ ಪಾಲು ಬೇರೆ ಮಾಡಿ ತೋರಿಸಲು ಒಂದು ಗಿಡ ಸಾಲುವುದಿಲ್ಲ. ಆದರೆ ಕ್ರಮದ ಬಗ್ಗೆ ಇಬ್ಬರದೂ ಒಂದೇ ಮಾತು. ಸೀಳು ಕಂಡ ದಿನವೇ ಮಣ್ಣು ಬಿಡಿಸಿ ಬಳ್ಳಿಗೆ ಏಳಲು ಬಿಡಬೇಕಿತ್ತು, ಸೀಳನ್ನು ಗಾಳಿಗೆ ತೆರೆದು ಇಡಬೇಕಿತ್ತು. ಅಷ್ಟಾಗಿದ್ದರೆ ಚಮಚ ಹಿಡಿಯುವ ಸಂದರ್ಭವೇ ಬರದೆ ಇರಬಹುದಿತ್ತು.

ಮುಂದಿನ ಋತುವಿನಲ್ಲಿ ಅವರು ಕಾಯಿ ನಿಲ್ಲಿಸುವ ಗೆಣ್ಣಿನ ಎರಡೂ ಪಕ್ಕ ಮಣ್ಣು ಮುಚ್ಚಲಿಲ್ಲ. ಆ ಗೆಣ್ಣುಗಳಲ್ಲಿ ಬೇರು ಮೂಡುತ್ತಿದ್ದಂತೆ ಚಿವುಟಿ ತೆಗೆದರು. ಕಾಯಿ ಎಳೆಯದಾಗಿರುವಾಗಲೇ ದಿನಾ ಸಂಜೆ ಕೋನ ತಿದ್ದಿದರು. ತೊಟ್ಟಿನ ಹತ್ತಿರ ಎಲೆ ಕತ್ತರಿಸಿದರೆ ಬುಡಕ್ಕೇ ಕತ್ತರಿಸಿದರು. ಟಿಪ್ಪಣಿ ಪುಸ್ತಕದಲ್ಲಿ ತೂಕದ ಅಂಕಣದ ಪಕ್ಕ ಈಗ ಇನ್ನೊಂದು ಅಂಕಣವಿದೆ, ಬಳ್ಳಿ ನೆಲದಿಂದ ಎಷ್ಟು ಬೆರಳು ಎದ್ದಿದೆ ಅಂತ ಬರೆಯಲು. ಕಾಯಿ ಎತ್ತರವಾಗಿಯೂ ಆ ಅಂಕಿ ಎರಡು ದಿನ ಏರದೆ ನಿಂತರೆ, ಎಲ್ಲಿ ಕಚ್ಚಿಕೊಂಡಿದೆ ಅಂತ ಬಳ್ಳಿಯ ಉದ್ದಕ್ಕೂ ಕೈಯಾಡಿಸಿ ಹುಡುಕುತ್ತಾರೆ.